ಬಾನೆಟ್ಟಿನೊಳಗೆ ಒಡೆದ ತೆಂಗಿನಕಾಯಿ

ಕಾರಟಗಿಯ ಶರಣಬಸಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ನಾನು ಹಮಾಲಿ. 2005ರಲ್ಲಿ ಸಾಹುಕಾರರು ತಮ್ಮ ಕಾರಿನ ಡ್ರೈವರ್ ವೆಂಕೋಬನನ್ನು ಅಂಗಳದಲ್ಲಿ ನಿಲ್ಲಿಸಿ, “ಪೆಟ್ರೋಲ್ ಕದ್ದು ಮಾರ್ತಿ, ಕಳ್ಳ ನನ ಮಗನ” ಎಂದಾಗ ಬಾಯಿ ಮುಚ್ಚಿಕೊಂಡು ನಿಂತವರಲ್ಲಿ ನಾನೂ ಒಬ್ಬ. ಥೂ ನನ್ನ ಜನ್ಮಕ್ಕೆ. ಅವನ ಹೆಂಡತಿ ಹುಲಗಮ್ಮ ಅಲ್ಲೇ ಅಕ್ಕಿ ಹಸನು ಮಾಡುತ್ತಿದ್ದಳು. ಗಿರಣಿ ತಿರುಗುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಆದರೆ ಆ ಮಾತು ಅವಳಿಗೆ ಕೇಳಿಸಿತು. ಮೊರ ಕೆಳಗಿಟ್ಟು ಗಂಡನ ಹಿಂದೆ ನಡೆದಳು.

ವೆಂಕೋಬ ಕದ್ದಿರಲಿಲ್ಲ. ಕಾರೇ ಕರಿ ಹೊಗೆ ಉಗುಳುತ್ತ ಪೆಟ್ರೋಲ್ ಕುಡಿಯುತ್ತಿತ್ತು. ಹಾಗೆಂದು ಹೇಳಿದ್ದಕ್ಕೆ ಸಾಹುಕಾರರು, “ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ” ಎಂದು ನಕ್ಕಿದ್ದರು.

ಗಂಗಾವತಿಗೆ ಹೋದ ವೆಂಕೋಬ, ಮೀಸೆ ಮೂಡದ ಹುಡುಗರ ಜೊತೆ ಕೂತು ವಾಹನಗಳ ವೈರಿಂಗ್ ಕೆಲಸ ಕಲಿತು, ಅಲ್ಲೇ ಸ್ವಂತ ಅಂಗಡಿ ಹಾಕಿದ. “ಪೆಟ್ರೋಲ್ ಕುಡದದ್ದು ಯಾರಂತ ಅದ ಅಂಗಳದಾಗ ತೋರಸ್ತೀನಿ” ಎನ್ನುತ್ತಿದ್ದ. ಅವನ ಹೊಟ್ಟೆಯ ಬೆಂಕಿ ಆರಲಿಲ್ಲ, ಆರಬಾರದೆಂದೇ ನಾನೂ ಬಯಸಿದೆ.

2009ರ ದಸರೆಗೆ ಮುಂಚೆ ಅದೇ ಕಾರು ಅವನ ಅಂಗಡಿಗೆ ಬಂತು. ಅಷ್ಟರಲ್ಲಿ ಇನ್ನಿಬ್ಬರು ಡ್ರೈವರುಗಳು ಕಳ್ಳರೆನಿಸಿಕೊಂಡು ಹೋಗಿದ್ದರು. ವೆಂಕೋಬ ವೋಲ್ಟೇಜ್ ಅಳೆಯುವ ಮೀಟರ್ ಹಿಡಿದ, ರೋಗ ಸಿಕ್ಕಿತು. ಅರ್ಧ ಗಂಟೆಯ ಕೆಲಸ. ಆದರೂ ಮಾಡಲಿಲ್ಲ. “ಆಯುಧ ಪೂಜಿ ದಿನ ಗಿರಣಿಗೆ ಬಂದು ಮಾಡ್ತೀನಿ. ಎಲ್ಲಾರೂ ಇರ್ಬೇಕು” ಎಂದು ಹೇಳಿ ಕಳಿಸಿದ.

ಆ ದಿನ ಗಿರಣಿ ಬಂದ್. ಯಂತ್ರಗಳಿಗೆಲ್ಲ ವಿಭೂತಿ, ಚೆಂಡು ಹೂವು. ಸಾಹುಕಾರರು ಎಂದಿನಂತೆ ಕಾರಿನ ಬಾನೆಟ್ ಎತ್ತಿ ಎಂಜಿನ್ ಮೇಲೆ ಕಾಯಿ ಒಡೆಯಲು ಬಂದರು. ಕಾಯಿ ಕಸಿದುಕೊಂಡ ವೆಂಕೋಬ ಅವರ ಕೈಗೆ ಮೀಟರ್ ಕೊಟ್ಟು ಎಂಜಿನ್ ಚಾಲೂ ಮಾಡಿದ.

“ಬ್ಯಾಟ್ರಿ ಮ್ಯಾಲೆ ಎಷ್ಟೈತಿ, ಎಲ್ಲಾರಿಗೂ ಕೇಳೋ ಹಂಗ ಓದ್ರಿ.”

“ಹದಿನಾಕು.”

“ಪೆಟ್ರೋಲ್ ಅಳದು ಬಿಡೋ ಪೆಟ್ಟಿಗಿ ಇದು. ಇಲ್ಲೆಷ್ಟೈತ್ರಿ?”

“ಹನ್ನೊಂದು.”

“ವೋಲ್ಟೇಜ್ ಕಮ್ಮಿ ಆದ್ರ ಪೆಟ್ರೋಲ್ ಬಿಡೋ ಬಾಯಿ ತಡಾ ಮಾಡಿ ತೆರಿತೈತಿ. ಅದಕ್ಕಂತ ಈ ಪೆಟ್ಟಿಗಿ ಅದನ್ನ ಜಾಸ್ತಿ ಹೊತ್ತು ತೆರದಿಡ್ತೈತಿ. ಖರೇ ಅಂದ್ರ ಬಾಯಿಗೆ ಪೂರಾ ವೋಲ್ಟೇಜ್ ಬರಾಕ್ಹತ್ತೈತಿ, ಪೆಟ್ಟಿಗಿಗಷ್ಟ ಕಮ್ಮಿ. ಅದಕ್ಕ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿ ಕರಿ ಹೊಗಿ. ಯಾಕ ಕಮ್ಮಿ? ನೋಡ್ರಿ.” ಪೆಟ್ಟಿಗೆಗೆ ಹೋಗುವ ತಂತಿಯ ಜೋಡಣೆ ಹಸಿರು ಕಿಲುಬು ಹಿಡಿದಿತ್ತು. “ವರ್ಷಾ ವರ್ಷಾ ಇದರ ಮ್ಯಾಲೆ ಕಾಯಿ ನೀರು ಸುರದವ್ರು ಯಾರ್ರಿ? ನಾನೇನ್ರಿ?”

ವೆಂಕೋಬ ಎಂಜಿನ್ ನಿಲ್ಲಿಸಿ ಜೋಡಣೆ ಉಜ್ಜಿ ಬಿಗಿದ. ಮತ್ತೆ ಚಾಲೂ ಮಾಡಿದಾಗ ಪೆಟ್ಟಿಗೆಯಲ್ಲೂ ಹದಿನಾಲ್ಕು, ಹೊಗೆಯಿಲ್ಲ. ಕೀಲಿ ತೆಗೆದು ಸಾಹುಕಾರರ ಕೈಗಿಟ್ಟ. ಅವರು ಜೇಬಿಗೆ ಕೈ ಹಾಕಿದರು.

“ರೊಕ್ಕ ಬ್ಯಾಡ. ನನ್ನ ಹೇಣ್ತಿ ಬಂದಾಳ, ಆಕಿ ಮುಂದ ಹೇಳ್ರಿ.”

ಹುಲಗಮ್ಮ ಅಂದು ಮೊರ ಇಟ್ಟ ಜಾಗದಲ್ಲೇ ನಿಂತಿದ್ದಳು. ಸಾಹುಕಾರರು ನೆಲ ನೋಡುತ್ತ, “ನಿನ್ನ ಗಂಡ ಕಳ್ಳ ಅಲ್ಲ, ಯವ್ವಾ” ಎಂದರು. ನನ್ನ ಹೊಟ್ಟೆ ತಣ್ಣಗಾಯಿತು. ಅವಳದು ಆಗಿರಲಿಲ್ಲ.

“ಗಿರಣಿ ಸದ್ದಿನಾಗ ಕೇಳಲಿಲ್ರಿ” ಎಂದಳು. “ಇನ್ನೊಮ್ಮೆ ಹೇಳ್ರಿ.”

ನಿಂತ ಗಿರಣಿಯ ಮುಂದೆ ಸಾಹುಕಾರರು ದನಿ ಎತ್ತಿ ಮತ್ತೊಮ್ಮೆ ಹೇಳಿದರು. ಅವಳು ಮೂರು ಸಲ ಹೇಳಿಸಿದಳು.