ಕಣದ ಮೇಲೆ ಟೆಂಟು

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ತಮ್ಮ ಹೊಲದಲ್ಲಿ ಟೆಂಟು ಹಾಕಲು ಜಾಗ ಕೊಡುತ್ತಿದ್ದ ರೈತರೊಬ್ಬರಿದ್ದರು; ಅವರು ಯಾರಿಗೂ ಇಲ್ಲ ಅಂದದ್ದನ್ನು ನಾನು ಕೇಳಿಲ್ಲ. ಟವೆಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, "ಇರ್ಲಿ ಬುಡಿ ಸಾರ್" ಅನ್ನುತ್ತಿದ್ದರು.

"ಒಕ್ಕಣೆ ಮುಗುದ್ ಮೇಲೆ ಬನ್ನಿ ಸಾರ್" ಎಂದು ಫೋನಿನಲ್ಲಿ ಹೇಳಿದ್ದರು. ಆಮೇಲೆ ಮಂಜು ಸಿಗುವುದಿಲ್ಲವೆಂದು ನಾವು ಗೆಳೆಯರು ಆ ವಾರವೇ ಹೋದೆವು. ಹುಣಸೆಮರದ ಕೆಳಗೆ ಜಾಗ ಗುಡಿಸಿಟ್ಟಿದ್ದರು. ಅಲ್ಲಿ ಬೆನ್ನಿಗೆ ಕಲ್ಲು ಒತ್ತುತ್ತದೆಂದು, ಹೊಲದ ನಡುವೆ ಸಗಣಿ ಸಾರಿಸಿ ಸಿದ್ಧವಾಗಿದ್ದ ಕಣವನ್ನೇ ಆರಿಸಿಕೊಂಡೆವು. ಅದು ಯಾಕೆ ಅಷ್ಟು ನುಣುಪಾಗಿದೆಯೆಂದು ಯಾರೂ ಕೇಳಲಿಲ್ಲ. ಟವೆಲ್ಲು ಹೆಗಲು ಬದಲಿಸಿತು. ನಾವು ಬೂಟುಗಾಲಲ್ಲೇ ನಿಂತು ಗೂಟ ಹೊಡೆದೆವು.

ಬೆಳಗ್ಗೆ ಟೆಂಟು ಬಿಚ್ಚುತ್ತಿದ್ದಂತೆ ಅವರು ಸಗಣಿ ಬಕೆಟ್ಟು ಹಿಡಿದು ಬಂದರು. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಗೂಟದ ತೂತುಗಳನ್ನು ಒಂದೊಂದಾಗಿ ಮೆತ್ತತೊಡಗಿದರು. ಆಚೆ ಹುರುಳಿಯ ಹೊರೆಗಳು ಒಕ್ಕಣೆಗೆ ಕಾದಿದ್ದವು. ನಾನು ಬೂಟಿನ ದಾರ ಬಿಚ್ಚಲು ಬಗ್ಗಿದೆ.

"ಇರ್ಲಿ ಬುಡಿ ಸಾರ್" ಎಂದರು, ತಲೆಯೆತ್ತದೆ. "ನಿದ್ದೆ ಚೆಂದಾಗಿ ಬಂತಾ?"

ಬಂದಿತ್ತು. ಬಗ್ಗಿದವನು ಬಗ್ಗಿಯೇ ಇದ್ದೆ.