ಲೈನಿನಲ್ಲೇ ನಿದ್ದೆ ಹೋದ ನನ್ನ ಸೊಸೆ

ನನ್ನ ಸೊಸೆ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಆಪ್ತಸಮಾಲೋಚಕಿ. ಊರಿನ ಜನರ ಕಷ್ಟ ಕೇಳುವುದೇ ಅವಳ ಕಸುಬು. ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸಿದವಳು. ಎರಡು ಕಡೆಯವರಿಗೂ ಮಾತು ಕೇಳಿಸಿತೆಂದರೆ ನನ್ನ ಕೆಲಸ ಮುಗಿಯಿತು. ಅವರು ಏನು ಮಾತಾಡಿಕೊಂಡರು ಅನ್ನುವ ಉಸಾಬರಿ ನನಗೆ ಬೇಡವಾಗಿತ್ತು.

ಸೋಂಕು ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಆಸ್ಪತ್ರೆಯವರು ಸಹಾಯವಾಣಿ ತೆರೆದರು. ಸೊಸೆ ನಮ್ಮ ಸಾಮಾನು ಕೋಣೆಯಲ್ಲಿ ಅಕ್ಕಿ ಡಬ್ಬ ಸರಿಸಿ, ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಹೆಡ್‌ಸೆಟ್ ಹಾಕಿಕೊಂಡು ಕೂತಳು. ಬೆಳಿಗ್ಗೆ ಎಂಟಕ್ಕೆ ಕೂತರೆ ಏಳುವುದು ಸಂಜೆ ಆರಕ್ಕೆ. ಮೊದಲ ತಿಂಗಳು ಏನು ಹುರುಪು ಅಂತೀರಿ! ಊಟಕ್ಕೆ ಬಂದರೆ ನಗು, ಎದ್ದರೆ ನಗು.

ನಾಲ್ಕನೇ ತಿಂಗಳಿಗೆ ನಗು ನಿಂತಿತು. ಒಂದು ದಿನ ಚಹಾಕ್ಕೆ ಉಪ್ಪು ಹಾಕಿದಳು, ಗೊತ್ತಾಗದೆ ಕುಡಿದೂ ಬಿಟ್ಟಳು. ನಲ್ಲಿ ಸೋರುತ್ತಿದೆ ಅಂತ ನನ್ನ ಮಗ ಹೇಳಿದರೆ, "ನಿಮಗೆ ಎಷ್ಟು ಕಷ್ಟ ಆಗ್ತಿದೆ ಅಂತ ನಂಗೆ ಅರ್ಥ ಆಗುತ್ತೆ" ಅಂದಳು. ಅವನು ಪೆಚ್ಚಾಗಿ ನನ್ನ ಮುಖ ನೋಡಿದ.

"ಮೊದ್ಲು ವಾಷರ್ ಹಾಕೋ. ಅರ್ಥ ಆಗೋದು ಆಮೇಲೆ ಆಗ್ಲಿ" ಅಂದೆ.

ಇದು ಸಾಲದು ಅಂತ ಪ್ರತಿ ಬುಧವಾರ ನರ್ಸುಗಳಿಗೆ ಆನ್‌ಲೈನ್ ಪಾಠ ಬೇರೆ: ನಿಮ್ಮನ್ನು ನೀವು ನೋಡಿಕೊಳ್ಳುವುದು ಹೇಗೆ. ಒಂದು ಬುಧವಾರ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತ ಇವಳು ಅವರಿಗೆ ಹೇಳುವಾಗ ಗಂಟೆ ಮೂರೂವರೆ, ಇವಳ ತಟ್ಟೆ ಮುಚ್ಚಿಟ್ಟ ಹಾಗೇ ಇತ್ತು. ದೀಪದ ಬುಡದಲ್ಲೇ ಕತ್ತಲೆ ಅಂತ ಗೊಣಗಿದೆ. "ಸಾಲಲ್ಲಿ ಹದಿನಾಲ್ಕು ಜನ ಕಾಯ್ತಿದಾರೆ, ಅತ್ತೆ" ಅಂದು ಬಾಗಿಲು ಹಾಕಿಕೊಂಡಳು.

ಅದೇ ಸಂಜೆ ಬಟ್ಟೆ ಮಡಿಸುತ್ತಾ ಹೇಳಿದಳು: "ಶುಕ್ರವಾರ ಕೆಲಸ ಬಿಡ್ತೀನಿ, ಅತ್ತೆ. ರಾಜೀನಾಮೆ ಪತ್ರ ಬರೆದಿಟ್ಟಿದೀನಿ. ಈಗೀಗ ಯಾರು ಅತ್ರೂ ನಂಗೇನೂ ಅನ್ಸಲ್ಲ. ಕಲ್ಲಿನ ಥರ ಕೂತಿರ್ತೀನಿ. ಇದು ಅವರಿಗೆ ಮಾಡೋ ಮೋಸ."

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಇವಳು ಕೈಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ, ಎರಡೂ ಮನೆಯವರ ಹತ್ತಿರ ಜಗಳವಾಡಿ ಸೇರಿಕೊಂಡ ಕೆಲಸ ಅದು. ಆ ಜಗಳದಲ್ಲಿ ಎದುರು ಪಕ್ಷದಲ್ಲಿ ನಾನೂ ಇದ್ದೆ, ಸೋತೂ ಇದ್ದೆ. ಅದನ್ನು ಬಿಟ್ಟರೆ ಇವಳು ಇವಳಾಗಿ ಉಳಿಯುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮಾರನೇ ದಿನ, ಗುರುವಾರ ಮಧ್ಯಾಹ್ನ, ಚಹಾ ತೆಗೆದುಕೊಂಡು ಹೋದರೆ ಸೊಸೆ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು. ತಲೆಯ ಮೇಲೆ ಹೆಡ್‌ಸೆಟ್ ಹಾಗೇ ಇತ್ತು. ಅದರೊಳಗಿಂದ ಒಂದು ಸಣ್ಣ ದನಿ: "ಮೇಡಂ? ಮೇಡಂ?"

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಹೆಡ್‌ಸೆಟ್ ಮೆಲ್ಲಗೆ ಬಿಡಿಸಿ ಹಾಕಿಕೊಂಡೆ. "ದಯವಿಟ್ಟು ಲೈನಿನಲ್ಲೇ ಇರಿ" ಅಂದೆ. ಇದು ತಪ್ಪು, ಬೇರೆಯವರ ಕರೆಗೆ ನಾನು ಕಿವಿ ಕೊಡುವ ಹಾಗಿಲ್ಲ. ಆ ಕಡೆ ಇದ್ದವರು ಒಬ್ಬ ಟ್ಯಾಕ್ಸಿ ಚಾಲಕ. ಅವರೇ ಆಮೇಲೆ, ಧಾರಾಳವಾಗಿ ಎಲ್ಲರಿಗೂ ಹೇಳಿ ಅಂದಿದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

"ಮೇಡಂ ಎಲ್ಲಿ?"

"ಇಲ್ಲೇ ಇದಾರೆ. ಪಾಪ, ನಿದ್ದೆ ಹೋಗಿದಾರೆ. ನಾನು ಅವರ ಅತ್ತೆ."

ದೂರು ಹೋಗುವುದು ಖಂಡಿತ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ: "ಆ ಶಬ್ದ ಅವರ ಗೊರಕೆನಾ ಅಮ್ಮ?"

"ಹೂಂ. ಮುಚ್ಚಿಡೋಕೆ ಆಗುತ್ತಾ?"

"ಫೋನ್ ಇಡ್ಬೇಡಿ. ನಂಗೆ ಇಪ್ಪತ್ತು ದಿನದಿಂದ ನಿದ್ದೆ ಇಲ್ಲ. ಅದನ್ನೇ ಮೇಡಂಗೆ ಹೇಳ್ತಿದ್ದೆ. ಮನೇಲಿ ಒಬ್ನೇ ಇದೀನಿ. ಇನ್ನೊಬ್ರು ನೆಮ್ಮದಿಯಾಗಿ ಮಲಗಿರೋದು ಕೇಳಿ ಎಷ್ಟು ದಿನ ಆಯ್ತೋ. ಸ್ವಲ್ಪ ಹೊತ್ತು ಕೇಳಿಸ್ಕೊಳ್ಳಲಾ?"

ಹೆಡ್‌ಸೆಟ್ಟಿನ ಮೈಕನ್ನು ಸೊಸೆಯ ಮೂಗಿನ ಹತ್ತಿರ ಹಿಡಿದು ಅಕ್ಕಿ ಡಬ್ಬದ ಮೇಲೆ ಕೂತೆ. ಹತ್ತು ನಿಮಿಷ ಆಗಿರಬೇಕು, ಆ ಕಡೆಯಿಂದಲೂ ಗೊರಕೆ ಶುರುವಾಯಿತು. ನನ್ನ ಸೇವಾವಧಿಯಲ್ಲಿ ಇಂಥ ಟ್ರಂಕ್ ಕಾಲ್ ಜೋಡಿಸಿರಲಿಲ್ಲ. ಲೈನು ಕತ್ತರಿಸಲು ಮನಸ್ಸು ಬರಲಿಲ್ಲ. ಹೆಡ್‌ಸೆಟ್ ಮೇಜಿನ ಮೇಲಿಟ್ಟು ತಣ್ಣಗಾದ ಚಹಾ ನಾನೇ ಕುಡಿದೆ.

ಮುಕ್ಕಾಲು ಗಂಟೆ ಬಿಟ್ಟು ಎದ್ದ ಸೊಸೆಗೆ ಏನಾಯಿತೆಂದು ತಿಳಿದದ್ದೇ ತಡ, ಮುಖ ಬಿಳಿಚಿಕೊಂಡಿತು. ಮೊಬೈಲು ತೆಗೆದು ವಿಭಾಗದ ದೊಡ್ಡ ಡಾಕ್ಟರಿಗೇ ಫೋನು ಹಚ್ಚಿದಳು. "ಸರ್, ಕರೆ ಮಧ್ಯದಲ್ಲೇ ನಿದ್ದೆ ಹೋದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ. ಇವತ್ತೇ ಬಿಡ್ತೀನಿ."

ಮೊಬೈಲು ಕಿತ್ತುಕೊಂಡೆ. "ಡಾಕ್ಟ್ರೇ, ನಮ್ಮ ಎಕ್ಸ್‌ಚೇಂಜಲ್ಲಿ ಎರಡು ಗಂಟೆಗೊಂದ್ಸಲ ಇನ್ನೊಬ್ಳು ಹಿಂದೆ ಬಂದು ನಿಲ್ತಿದ್ಲು. ರಿಲೀಫ್ ಅಂತ. ಭುಜ ಮುಟ್ಟಿದ್ಲು ಅಂದ್ರೆ ಅರ್ಧ ಮಾತಲ್ಲಿದ್ರೂ ಏಳ್ಬೇಕು, ಇಲ್ಲಾಂದ್ರೆ ಮೆಮೊ. ಬರೀ ತಂತಿ ಜೋಡಿಸೋರಿಗೇ ಅಷ್ಟಿತ್ತು. ಊರಿನ ದುಃಖ ಕೇಳೋ ಈ ಹುಡುಗಿ ಹಿಂದೆ ಯಾರನ್ನ ನಿಲ್ಸಿದೀರಿ?"

ಡಾಕ್ಟರು ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. "ಇನ್ನೊಂದ್ಸಲ ಹೇಳಿ ಅಮ್ಮ, ಬರ್ಕೋತೀನಿ" ಅಂದರು. "ನಾವು ಹನ್ನೆರಡು ಜನ ಇದೀವಿ. ನನ್ನೂ ಸೇರಿಸಿ ಒಬ್ರೂ ಸರಿಯಾಗಿ ಮಲಗಿಲ್ಲ. ಸೋಮವಾರದಿಂದ ಇಬ್ಬಿಬ್ರನ್ನ ಜೋಡಿ ಮಾಡ್ತೀನಿ. ರಾಜೀನಾಮೆ ಪತ್ರ ಕಳ್ಸೋದು ಬಿಡೋದು ಮಾತ್ರ ಅವರಿಷ್ಟ."

ಫೋನಿಟ್ಟೆ. ಸೊಸೆ ತಲೆ ಬಗ್ಗಿಸಿ ಕೂತಿದ್ದಳು. "ಎರಡು ಗಂಟೆಗೊಮ್ಮೆ ಎಬ್ಬಿಸಿದ್ರೂ ಕಲ್ಲು ಕಲ್ಲೇ ಅಲ್ವಾ, ಅತ್ತೆ" ಅಂದಳು.

ಆಗ ಮೇಜಿನ ಮೇಲಿಂದ ಯಾರೋ ಕೆಮ್ಮಿದರು. ಲೈನು ನಾನು ಕತ್ತರಿಸಿಯೇ ಇರಲಿಲ್ಲವಲ್ಲ! ಸೊಸೆ ಗಾಬರಿಯಲ್ಲಿ ಸ್ಪೀಕರ್ ಒತ್ತಿದಳು.

"ತಪ್ಪು ತಿಳ್ಕೋಬೇಡಿ ಮೇಡಂ," ಅಂದರು ಚಾಲಕರು, ನಿದ್ದೆಗಣ್ಣಿನ ದನಿಯಲ್ಲಿ. "ಈಗಷ್ಟೇ ಎಚ್ಚರ ಆಯ್ತು, ಕೆಲಸ ಬಿಡೋ ಮಾತು ಕಿವಿಗೆ ಬಿತ್ತು. ಬಿಡೋದು ನಿಮ್ಮಿಷ್ಟ. ನಾಳೆ ಎಷ್ಟು ಗಂಟೆಗೆ ಮಲಗ್ತೀರಿ ಅಂತ ಮಾತ್ರ ಹೇಳ್ಬಿಡಿ, ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡ್ತೀನಿ."

ಸೊಸೆ ನನ್ನನ್ನು ನೋಡಿದಳು. ತುಟಿ ಅದುರಿತು. ಅಳುತ್ತಾಳೆ ಅಂದುಕೊಂಡೆ, ಅತ್ತಳು ಕೂಡ, ಆದರೆ ನಗು ಮೊದಲು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕಡೆ ಅವರೂ ನಕ್ಕರು. ನಾನೂ ಸೇರಿಕೊಂಡೆ.

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳು ಅಂದಳು: "ಎರಡೂವರೆಗೆ. ಆದ್ರೆ ನೀವು ಫೋನ್ ಮಾಡ್ಬೇಡಿ, ಅದೇ ಹೊತ್ತಿಗೆ ನೀವೂ ಮಲಗಿ. ನಾಲ್ಕಕ್ಕೆ ನಾನೇ ಮಾಡಿ ಎಬ್ಬಿಸ್ತೀನಿ."

ನಾಳೆ ಶುಕ್ರವಾರ ಅಂತ ನಾನು ನೆನಪಿಸಲು ಹೋಗಲಿಲ್ಲ.