ಆ ಗೆರೆ ಎಲ್ಲಿ ಹೋತು?

ಕಳೆದ ವರ್ಷ ಫೆಬ್ರುವರಿಯ ಮಾತು. ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಸಿರಸಿಯ ನಮ್ಮ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಮಾಡುವ ಕೆಲಸ. ಇಸ್ರೇಲಿನ ಒಂದು ಸ್ಮಶಾನದ ಕಲ್ಲುಗೋಡೆಯ ಮೇಲೆ ತೀರಿಕೊಂಡವರ ಹೆಸರು ಕೆತ್ತಿಸುವವರಿದ್ದರು. ಆ ಹೀಬ್ರೂ ಪಟ್ಟಿಯನ್ನು ಸಿದ್ಧಮಾಡುವ ಜವಾಬ್ದಾರಿ ನನ್ನದು. ಹೀಬ್ರೂವಿನಲ್ಲಿ ಸ್ವರಗಳನ್ನು ಅಕ್ಷರದ ಮೇಲೆ, ಕೆಳಗೆ ಚುಕ್ಕೆಗಳಾಗಿ ಹಾಕುತ್ತಾರೆ. ಕಲ್ಲಿಗೆ ಅವು ಬೇಡ, ತೆಗೆಯಿರಿ ಎಂದಿದ್ದರು.

ಆಯಿ, ಅಂದರೆ ನನ್ನ ಅಮ್ಮ, ನಿವೃತ್ತ ಶಾಲಾ ಶಿಕ್ಷಕಿ; ಮಗಳಾದ ನನ್ನನ್ನು 'ತಂಗೀ' ಎಂದೇ ಕರೆಯುವವಳು. ಕೇಳಿ ನಕ್ಕಳು. "ಸ್ವರ ತೆಗದ್ರೆ ಓದದು ಹೆಂಗೆ? ಸಿರಸಿಯ ಗುಡಿಸು ತೆಗದ್ರೆ ಸರಸ ಆಗ್ತು!"

"ಅವ್ಕೆ ರೂಢಿ ಇದ್ದು, ಆಯಿ."

ಕಂಪ್ಯೂಟರಿನಲ್ಲಿ ಪ್ರತಿ ಗುರುತಿಗೂ ಒಂದು ಸಂಖ್ಯೆಯಿರುತ್ತದೆ. ಇಷ್ಟರಿಂದ ಇಷ್ಟರವರೆಗಿನ ಗುರುತುಗಳನ್ನೆಲ್ಲ ಅಳಿಸು ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕುವ ಸೂತ್ರದ ಒಂದೇ ಸಾಲು ಬರೆದೆ. ಚುಕ್ಕೆ ಒಂದೂ ಉಳಿಯಲಿಲ್ಲ. ಸಾಲುಗಳನ್ನು ಎಣಿಸಿದೆ, ಸರಿಯಿದ್ದವು. ಮುಂಜಾನೆಯೇ ಕಳಿಸಿದೆ. ಅವರು ಅಂದೇ ಕೆತ್ತನೆ ಶುರುಮಾಡುವವರಿದ್ದರು.

ಮೂರನೇ ದಿನ ಹನ್ನೊಂದೂವರೆಗೆ ಆಯಿ ಚಹಾ ತಂದಳು. ಮೇಜಿನ ಮೇಲಿದ್ದ ಮೂಲ ಪಟ್ಟಿಯ ಪ್ರಿಂಟನ್ನೂ ನಾನು ಕಳಿಸಿದ್ದ ಪಟ್ಟಿ ತೆರೆದಿದ್ದ ಪರದೆಯನ್ನೂ ಉತ್ತರಪತ್ರಿಕೆ ತಿದ್ದುವವರ ಹಾಗೆ ನೋಡುತ್ತಾ ನಿಂತಳು.

"ತಂಗೀ, ಇಲ್ಲೊಂದು ಅಡ್ಡಗೆರೆ ಇದ್ದಲೆ, ನಿಂದ್ರಲ್ಲಿ ಎಲ್ಲಿ ಹೋತು?"

"ನಿಂಗೆ ಹೀಬ್ರೂ ಬತ್ತಾ?"

"ಹೀಬ್ರೂ ಬತ್ತಿಲ್ಲೆ. ಗೆರೆ ಕಾಣ್ತು."

ನೋಡಿದೆ. ಗೆರೆ ಇರಲಿಲ್ಲ. ಕನ್ನಡದಲ್ಲಿ ಎರಡು ಪದಗಳನ್ನು ಜೋಡಿಸಲು ನಾವು ಹಾಕುವ ಅಡ್ಡಗೆರೆ, ಹೈಫನ್, ಇಂಗ್ಲಿಷಿನದ್ದೇ. ನಮ್ಮ ಅಕ್ಷರಗಳ ಸಂಖ್ಯೆಗಳ ನಡುವೆ ಅದು ಬರುವುದಿಲ್ಲ. ಹೀಬ್ರೂವಿಗೂ ಹಾಗೇ ಎಂದುಕೊಂಡಿದ್ದೆ. ಆದರೆ ಅವರಿಗೆ ತಮ್ಮದೇ ಗೆರೆಯಿದೆ, ಅದರ ಸಂಖ್ಯೆ ಚುಕ್ಕೆಗಳ ಸಂಖ್ಯೆಗಳ ಮಧ್ಯದಲ್ಲೇ ಕುಳಿತಿದೆ. ಚುಕ್ಕೆಯೊಡನೆ ಅದನ್ನೂ ಅಳಿಸಿದ್ದೆ. ಹನ್ನೊಂದು ಜನರ ಜೋಡಿ ಹೆಸರುಗಳು ಅಂಟಿಕೊಂಡು ಒಂದೊಂದೇ ಪದವಾಗಿದ್ದವು.

ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಮೊದಲೇ ಅಳುಕು. ಆದರೂ ನೇರವಾಗಿ ಅಲ್ಲಿಯ ಮೇಲ್ವಿಚಾರಕಿಗೆ ಕರೆ ಮಾಡಿ ತಪ್ಪಾಗಿದೆ ಎಂದೆ.

"ಯಾವ ಹೆಸರು? ಓದಿ ಹೇಳಿ" ಎಂದರು ಅವರು, ಇಂಗ್ಲಿಷಿನಲ್ಲಿ.

ಪಟ್ಟಿಯತ್ತ ನೋಡಿದೆ. ಒಂದು ವಾರದಿಂದ ಆ ಹೆಸರುಗಳ ಜೊತೆಗಿದ್ದೆ. ಒಂದನ್ನೂ ಓದಲು ಬರುತ್ತಿರಲಿಲ್ಲ. "ಮೊದಲನೆಯದು ಹದಿನೇಳನೇ ಸಾಲು" ಎಂದೆ.

ಅವರು ಫೋನು ಹಿಡಿದೇ ಓಡಿದರು. ಕಲ್ಲಿನ ಮೇಲೆ ಉಳಿಯ ಸದ್ದು, ಟಕ್ ಟಕ್ ಎಂದು, ಹತ್ತಿರವಾಗುತ್ತಾ ಬಂತು. ಆಯಿ ನನ್ನ ಭುಜ ಹಿಡಿದು ನಿಂತಿದ್ದಳು. ಸದ್ದು ನಿಂತಿತು.

"ಕೆತ್ತುವವನು ಹದಿನಾರನೇ ಹೆಸರಿನ ಕೊನೆಯ ಅಕ್ಷರದಲ್ಲಿದ್ದಾನೆ" ಎಂದರು ಅವರು, ಏದುಸಿರು ಬಿಡುತ್ತಾ. ಆಮೇಲೆ ಹದಿನೇಳನೆಯದನ್ನು ತಾವೇ ನಿಧಾನವಾಗಿ ಓದಿದರು. ಅದೊಬ್ಬ ಹೆಂಗಸಿನ ಹೆಸರು, ಮೊದಲ ಭಾಗ ಅವಳ ತವರಿನದು, ಎರಡನೆಯದು ಗಂಡನ ಮನೆಯದು ಎಂದರು.

ಆ ಒಂದು ಗೆರೆಯನ್ನು ಬಿಟ್ಟು ಉಳಿದದ್ದನ್ನು ಅಳಿಸುವಂತೆ ಸಾಲು ತಿದ್ದಿದೆ. ಈ ಸಲ ಆಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರತಿ ಹೆಸರನ್ನೂ ಹೋಲಿಸಿ ನೋಡಿಯೇ ಕಳಿಸಿದೆ.

ಆ ಹೆಂಗಸಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ದೊಡ್ಡ ಪಟ್ಟಿಯಲ್ಲಿ ಇವತ್ತಿಗೂ ನನಗೆ ಓದಲು ಬರುವುದು ಅದೊಂದೇ.